ಡೆಸ್ಕ್‌ಟಾಪ್ ಮೇಲೊಂದು ವಿಳಾಸದ ಚೀಟಿ

ಅಪ್ಪನ ಫೋನು ಬರುವುದು ಸಾಮಾನ್ಯವಾಗಿ ಬೆಳಗ್ಗೆ ಹತ್ತರ ಸುಮಾರಿಗೆ, ತಿಂಡಿ ಕಾಫಿ ಮುಗಿದ ಮೇಲೆ. “ಕರೆಂಟ್ ಬಿಲ್ ಕಟ್ಟೋದು ಎಲ್ಲೋಯ್ತಮ್ಮ? ಮೊನ್ನೆ ಇತ್ತು, ಇವತ್ತು ಕಾಣ್ತಿಲ್ಲ.” ಅದು ಎಲ್ಲೂ ಹೋಗಿರುವುದಿಲ್ಲ. ಮೊನ್ನೆ ಅವರು ಗೂಗಲ್‌ನಲ್ಲಿ ಒಂದು ಪದ ಹಾಕಿ ಹುಡುಕಿರುತ್ತಾರೆ, ಇವತ್ತು ಇನ್ನೊಂದು. ಮೊನ್ನೆ ಮೂರನೆಯ ಸಾಲಿನಲ್ಲಿದ್ದದ್ದು ಇವತ್ತು ಆರಕ್ಕೆ ಇಳಿದಿರುತ್ತದೆ. ಅಷ್ಟೇ.

ಅಪ್ಪ ತಿಪಟೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕಂಪ್ಯೂಟರ್ ಕಂಡರೆ ಭಯವೇನಿಲ್ಲ. ಆದರೆ ಪಹಣಿ ನೋಡಬೇಕಾದರೂ, ಬಿಲ್ ಕಟ್ಟಬೇಕಾದರೂ, ಪೇಪರ್ ಓದಬೇಕಾದರೂ ಪ್ರತಿ ಸಲ ಹುಡುಕಾಟದಿಂದಲೇ ಶುರು. ಹುಡುಕಿದಾಗ ಮೊದಲು ಕಾಣುವುದು ಎಷ್ಟೋ ಸಲ ಜಾಹೀರಾತು. ಒಂದು ದಿನ ಹೀಗೇ ಮೊದಲ ಸಾಲನ್ನು ಒತ್ತಿ, ಸರ್ಕಾರದ್ದೇ ಅನ್ನಿಸುವಂಥ ಯಾವುದೋ ಖಾಸಗಿ ಪುಟಕ್ಕೆ ಹೋಗಿ, ಫೋನ್ ನಂಬರ್ ಕೊಟ್ಟು ಬಂದಿದ್ದರು. ಪುಣ್ಯಕ್ಕೆ ದುಡ್ಡು ಕಟ್ಟಿರಲಿಲ್ಲ. ಆಮೇಲೆ ಒಂದು ವಾರ ಸಾಲ ಬೇಕಾ, ಸೈಟು ಬೇಕಾ ಅಂತ ಫೋನೋ ಫೋನು.

ಆ ಭಾನುವಾರ ಊರಿಗೆ ಹೋದವಳು ಅವರ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಆರು ವೆಬ್‌ಸೈಟುಗಳ ಶಾರ್ಟ್‌ಕಟ್, ಅಂದರೆ ಒತ್ತಿದರೆ ನೇರ ಆ ಸೈಟಿಗೇ ಒಯ್ಯುವ ಐಕಾನ್, ಇಟ್ಟು ಬಂದೆ. ಹತ್ತು ನಿಮಿಷದ ಕೆಲಸ. ಆದರೆ ಗಣಿತದ ಮೇಷ್ಟ್ರು ಅಲ್ವಾ, ಹೇಗೆ ಮಾಡೋದು ಅನ್ನುವುದಕ್ಕಿಂತ ಅದು ಏನು, ಯಾಕೆ ಹಾಗೆ ಅನ್ನುವ ಪ್ರಶ್ನೆಗಳೇ ಜಾಸ್ತಿ. ಅವರಿಗೆ ಉತ್ತರ ಹೇಳುತ್ತಾ ಹೇಳುತ್ತಾ ನನಗೂ ಕೆಲವು ವಿಷಯ ಸ್ಪಷ್ಟವಾದವು.

ಮೊದಲನೆಯ ಪ್ರಶ್ನೆ: “ಇಷ್ಟು ಸೈಟ್‌ನ ಇಲ್ಲಿ ತಂದಿಟ್ರೆ ಕಂಪ್ಯೂಟರ್ ನಿಧಾನ ಆಗಲ್ವಾ?”

ಆಗುವುದಿಲ್ಲ. ಯಾಕೆಂದರೆ ನಾವು ಸೈಟನ್ನು ತಂದಿಟ್ಟಿಲ್ಲ. ಅದರ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟಿದ್ದೇವೆ. ಇದು ಹೋಲಿಕೆಗೆ ಹೇಳುವ ಮಾತಲ್ಲ, ಹೆಚ್ಚುಕಡಿಮೆ ನಿಜವೇ. ನಂಬಿಕೆ ಬಾರದಿದ್ದರೆ ನೋಟ್‌ಪ್ಯಾಡ್ ತೆರೆದು, ಡೆಸ್ಕ್‌ಟಾಪ್ ಮೇಲಿನ ಅಂಥ ಐಕಾನ್ ಒಂದನ್ನು ಎಳೆದು ಅದರೊಳಗೆ ಬಿಡಿ. ಎರಡು ಮೂರು ಸಾಲು ಕಾಣುತ್ತದೆ. ಮೊದಲ ಸಾಲಿನಲ್ಲಿ ಚೌಕ ಕಂಸದೊಳಗೆ ‘ಇಂಟರ್ನೆಟ್ ಶಾರ್ಟ್‌ಕಟ್’ ಅಂತ ಇರುತ್ತದೆ. ಅದರ ಕೆಳಗೆ ‘ಯುಆರ್‌ಎಲ್’, ಒಂದು ಸಮ ಚಿಹ್ನೆ, ಆಮೇಲೆ ಸೈಟಿನ ಪೂರ್ತಿ ವಿಳಾಸ. ಕೆಲವು ಸಲ ಐಕಾನ್ ಚಿತ್ರ ಎಲ್ಲಿದೆ ಅನ್ನುವ ಇನ್ನೊಂದೆರಡು ಸಾಲು. ಮುಗಿಯಿತು. ಎಲ್ಲ ಸೇರಿ ಒಂದು ನೂರೋ ಇನ್ನೂರೋ ಬೈಟ್. ಕನ್ನಡದ ಪಠ್ಯವನ್ನು ಇಂಟರ್ನೆಟ್ಟಿನಲ್ಲಿ ಇಡುವ ರೂಢಿಯ ವಿಧಾನದಲ್ಲಿ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. ಹಾಗಾಗಿ ನೀವು ಈಗ ಓದುತ್ತಿರುವ ಈ ಪ್ಯಾರಾ ಅಪ್ಪನ ಆರೂ ಶಾರ್ಟ್‌ಕಟ್ ಸೇರಿಸಿದ್ದಕ್ಕಿಂತ ದೊಡ್ಡದು.

ಐಕಾನಿನ ಎಡಮೂಲೆಯಲ್ಲಿ ಒಂದು ಪುಟ್ಟ ಬಾಣ ಇರುತ್ತದೆ, ಗಮನಿಸಿದ್ದೀರಾ? ಅದು ‘ಇದು ಅಸಲಿ ವಸ್ತು ಅಲ್ಲ, ದಾರಿ ತೋರಿಸುವ ಫಲಕ’ ಅನ್ನುವ ಗುರುತು. 1995ರಲ್ಲಿ ಬಂದ ವಿಂಡೋಸ್ 95ರ ಕಾಲದಿಂದ ಆ ಬಾಣ ಹಾಗೇ ಇದೆ. ಆ್ಯಪಲ್‌ನವರು ಅದಕ್ಕೂ ಮೊದಲೇ, 1991ರ ತಮ್ಮ ಸಿಸ್ಟಮ್ 7ರಲ್ಲಿ, ಇಂಥದ್ದೇ ಸೌಲಭ್ಯ ತಂದಿದ್ದರು. ಬಾಣದ ಬದಲು ಹೆಸರನ್ನು ವಾಲಿದ ಅಕ್ಷರದಲ್ಲಿ ತೋರಿಸುತ್ತಿದ್ದರು.

ಚೀಟಿ ಅಂತ ಒಪ್ಪಿಕೊಂಡ ಮೇಲೆ ಎರಡನೆಯ ಪ್ರಶ್ನೆ ತಾನೇ ಬಗೆಹರಿಯಿತು. “ಅಕಸ್ಮಾತ್ ಡಿಲೀಟ್ ಮಾಡ್ಬಿಟ್ರೆ?” ಮದುವೆ ಕಾಗದ ಹರಿದುಹೋದರೆ ಮದುವೆ ನಿಲ್ಲುತ್ತದಾ? ಸೈಟು ಎಲ್ಲಿತ್ತೋ ಅಲ್ಲೇ ಇರುತ್ತದೆ, ನಮ್ಮ ಖಾತೆಯೂ ಇರುತ್ತದೆ. ಇನ್ನೊಂದು ಚೀಟಿ ಬರೆದುಕೊಂಡರಾಯಿತು. ರಿಸೈಕಲ್ ಬಿನ್‌ನಿಂದ ಹಳೆಯದನ್ನೇ ಎತ್ತಿಕೊಂಡರೂ ಆಯಿತು.

ಇನ್ನು ಚೀಟಿ ಬರೆಯುವ ಬಗೆ. ಬಹುಪಾಲು ಮನೆಗಳಲ್ಲಿ ಇರುವುದು ವಿಂಡೋಸ್, ಆದ್ದರಿಂದ ಅದನ್ನೇ ಹಿಡಿದು ಹೇಳುತ್ತೇನೆ.

ಎಲ್ಲಕ್ಕಿಂತ ಸುಲಭ ಅಂದರೆ ಎಳೆದು ಬಿಡುವುದು. ಬೇಕಾದ ಸೈಟನ್ನು ಕ್ರೋಮ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ತೆರೆಯಿರಿ. ಕಿಟಕಿ ಪೂರ್ತಿ ಪರದೆ ತುಂಬಿದ್ದರೆ ಡೆಸ್ಕ್‌ಟಾಪ್ ಕಾಣುವುದಿಲ್ಲ, ಆದ್ದರಿಂದ ವಿಂಡೋಸ್ ಕೀ ಹಿಡಿದು ಎಡಬಾಣದ ಕೀ ಒತ್ತಿ. ಕಿಟಕಿ ಅರ್ಧಕ್ಕೆ ಸರಿಯುತ್ತದೆ. ಈಗ ಅಡ್ರೆಸ್ ಬಾರಿನಲ್ಲಿ ವಿಳಾಸದ ಎಡಕ್ಕಿರುವ ಪುಟ್ಟ ಚಿಹ್ನೆಯನ್ನು ಮೌಸ್‌ನಿಂದ ಹಿಡಿದು ಡೆಸ್ಕ್‌ಟಾಪಿನ ಖಾಲಿ ಜಾಗಕ್ಕೆ ಎಳೆದು ಬಿಡಿ. ‘ಬೀಗದ ಚಿತ್ರ ಎಳೆಯಿರಿ’ ಅಂತ ಹಳೆಯ ಪಾಠಗಳಲ್ಲಿ ಓದಿ ಬೀಗ ಹುಡುಕುತ್ತಾ ಕೂರಬೇಡಿ. ಕ್ರೋಮ್‌ನವರು 2023ರಲ್ಲಿ ಬೀಗ ತೆಗೆದು ಅಲ್ಲಿ ಎರಡು ಗೆರೆ, ಎರಡು ಗುಂಡಿಯ ಚಿಹ್ನೆ ಹಾಕಿದರು. ಬೀಗ ಕಂಡರೆ ಸೈಟು ನಂಬಿಕಸ್ಥ ಅಂತ ಜನ ತಪ್ಪಾಗಿ ತಿಳಿಯುತ್ತಿದ್ದರು ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಸರಿಯಾದ ಕಾರಣವೇ. ಬೀಗ ಹೇಳುತ್ತಿದ್ದದ್ದು ದಾರಿಯಲ್ಲಿ ಯಾರೂ ಕದ್ದು ಕೇಳುತ್ತಿಲ್ಲ ಅಂತ ಮಾತ್ರ. ದಾರಿಯ ಕೊನೆಯಲ್ಲಿ ಕೂತವನು ಕಳ್ಳನೋ ಸಭ್ಯನೋ ಅನ್ನುವುದು ಅದಕ್ಕೇನು ಗೊತ್ತು?

ಎಳೆಯುವಾಗ ಕೈ ನಡುಗುವವರಿಗೆ ಇನ್ನೊಂದು ದಾರಿ ಇದೆ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ನ್ಯೂ’, ಅದರೊಳಗೆ ‘ಶಾರ್ಟ್‌ಕಟ್’. ಒಂದು ಪೆಟ್ಟಿಗೆ ತೆರೆದು ಯಾವುದರ ಶಾರ್ಟ್‌ಕಟ್ ಬೇಕು ಅಂತ ಕೇಳುತ್ತದೆ. ಅಲ್ಲಿ ವಿಳಾಸ ಅಂಟಿಸಿ, ಮುಂದಕ್ಕೆ ಹೋಗಿ, ಹೆಸರು ಕೊಟ್ಟು, ‘ಫಿನಿಶ್’ ಒತ್ತಿ. ಇಲ್ಲಿ ಒಂದು ಸಣ್ಣ ತೊಡಕು. ವಿಳಾಸವನ್ನು ನೆನಪಿನಿಂದ ಟೈಪ್ ಮಾಡಿ ಮುಂದಿನ ‘ಎಚ್‌ಟಿಟಿಪಿಎಸ್’ ಬಿಟ್ಟರೆ, ಅದು ನಿಮ್ಮ ಕಂಪ್ಯೂಟರಿನೊಳಗಿನ ಯಾವುದೋ ಫೈಲಿನ ಹೆಸರು ಅಂದುಕೊಂಡು ವಿಂಡೋಸ್ ಹುಡುಕಲು ಹೊರಡಬಹುದು, ಸಿಗಲಿಲ್ಲ ಅಂತ ಗೊಣಗಬಹುದು. ಟೈಪ್ ಮಾಡುವ ಗೋಜೇ ಬೇಡ. ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ವಿಳಾಸ ಪೂರ್ತಿ ಆಯ್ಕೆಯಾಗುತ್ತದೆ, ಕಂಟ್ರೋಲ್ ಸಿ ಒತ್ತಿದರೆ ಕಾಪಿ.

ಎರಡೂ ದಾರಿಯಲ್ಲಿ ಸಿಗುವುದು ಒಂದೇ ಬಗೆಯ ಚೀಟಿ. ಎರಡು ಸಲ ಕ್ಲಿಕ್ ಮಾಡಿದಾಗ ವಿಂಡೋಸ್ ಆ ವಿಳಾಸವನ್ನು ಓದುತ್ತದೆ. ಇಂಥ ವಿಳಾಸ ತೆರೆಯುವ ಕೆಲಸ ಯಾರಿಗೆ ವಹಿಸಿದೆ ಅಂತ ನೋಡಿ ಅವರಿಗೆ ದಾಟಿಸುತ್ತದೆ. ಆ ‘ಯಾರು’ ಅನ್ನುವುದೇ ಡೀಫಾಲ್ಟ್ ಬ್ರೌಸರ್. ಹಾಗಾಗಿ ಕ್ರೋಮ್‌ನಿಂದ ಎಳೆದ ಶಾರ್ಟ್‌ಕಟ್ ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರಿನಲ್ಲಿ ತೆರೆದುಕೊಂಡರೆ ಗಾಬರಿ ಬೇಡ. ಚೀಟಿಯಲ್ಲಿ ವಿಳಾಸ ಇದೆಯೇ ಹೊರತು ಯಾವ ಆಟೋದಲ್ಲಿ ಹೋಗಬೇಕು ಅಂತ ಬರೆದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಡೀಫಾಲ್ಟ್ ಆ್ಯಪ್ಸ್‌ಗೆ ಹೋಗಿ ನಿಮಗೆ ಬೇಕಾದ ಬ್ರೌಸರನ್ನು ಆರಿಸಿದರೆ ಎಲ್ಲ ಚೀಟಿಗಳೂ ಅದರಲ್ಲೇ ತೆರೆಯುತ್ತವೆ.

ಆಟೋವನ್ನೂ ಚೀಟಿಯಲ್ಲೇ ಬರೆದಿಡುವ ದಾರಿಯೂ ಇದೆ. ಬ್ರೌಸರೇ ಮಾಡಿಕೊಡುವ ಶಾರ್ಟ್‌ಕಟ್ ಅಂಥದ್ದು. ಕ್ರೋಮ್‌ನ ಬಲಮೂಲೆಯ ಮೂರು ಚುಕ್ಕಿ ಒತ್ತಿ, ‘ಕಾಸ್ಟ್, ಸೇವ್ ಅಂಡ್ ಶೇರ್’ ಅನ್ನುವುದರೊಳಗೆ ಹೋದರೆ ‘ಕ್ರಿಯೇಟ್ ಶಾರ್ಟ್‌ಕಟ್’ ಇರುತ್ತದೆ. ಹಳೆಯ ಆವೃತ್ತಿಯಲ್ಲಿ ಅದು ‘ಮೋರ್ ಟೂಲ್ಸ್’ ಒಳಗಿತ್ತು. ಇದು ಯಾವಾಗಲೂ ಕ್ರೋಮ್‌ನಲ್ಲೇ ತೆರೆಯುತ್ತದೆ. ಅಷ್ಟೇ ಅಲ್ಲ, ನೀವು ಕ್ರೋಮ್‌ನ ಯಾವ ಪ್ರೊಫೈಲಿನಲ್ಲಿದ್ದಾಗ (ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮಾಡಿಟ್ಟುಕೊಳ್ಳುವ ಖಾನೆ) ಅದನ್ನು ಮಾಡಿದಿರೋ ಅದೇ ಪ್ರೊಫೈಲಿನಲ್ಲಿ ತೆರೆಯುತ್ತದೆ. ಒಂದೇ ಕಂಪ್ಯೂಟರನ್ನು ಅಪ್ಪ, ಅಮ್ಮ, ರಜೆಗೆ ಬಂದ ಮೊಮ್ಮಕ್ಕಳು ಎಲ್ಲ ಬಳಸುವ ಮನೆಯಲ್ಲಿ ಇದು ದೊಡ್ಡ ಅನುಕೂಲ.

ಇನ್ನೊಂದು ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕ್ರೋಮ್‌ನಿಂದ ಸುಮ್ನೆ ಎಳೆದು ಬಿಟ್ಟ ಆರು ಚೀಟಿಗಳೂ ಆರು ಒಂದೇ ಥರದ ಬ್ರೌಸರ್ ಐಕಾನ್ ಹೊತ್ತು ಕೂರುತ್ತವೆ. ‘ಕ್ರಿಯೇಟ್ ಶಾರ್ಟ್‌ಕಟ್’ನಿಂದ ಮಾಡಿದರೆ ಸೈಟಿನದ್ದೇ ಚಿತ್ರ ಬರುತ್ತದೆ. ಫೈರ್‌ಫಾಕ್ಸ್‌ನಿಂದ ಎಳೆದರೂ ಸಾಮಾನ್ಯವಾಗಿ ಸೈಟಿನ ಚಿತ್ರವೇ ಬರುತ್ತದೆ, ಯಾಕೆಂದರೆ ಅದು ಆ ಚಿತ್ರವನ್ನು ತನ್ನ ಫೋಲ್ಡರಿನಲ್ಲಿ ಉಳಿಸಿಕೊಂಡು ಚೀಟಿಯಲ್ಲಿ ಅದರ ಜಾಗವನ್ನೂ ಬರೆಯುತ್ತದೆ. ಸೈಟುಗಳಿಗೆ ಹೀಗೊಂದು ಪುಟ್ಟ ಚಿತ್ರ ಇಡುವ ಪದ್ಧತಿ ಶುರುವಾದದ್ದು 1999ರಲ್ಲಿ, ಮೈಕ್ರೋಸಾಫ್ಟ್‌ನ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಕಾಲದಲ್ಲಿ. ಆಗ ಅದು ಹದಿನಾರಕ್ಕೆ ಹದಿನಾರು ಚುಕ್ಕಿಯ ಚೌಕ. ಅಷ್ಟು ಸಣ್ಣದನ್ನು ಹಿಗ್ಗಿಸಿದರೆ ಡೆಸ್ಕ್‌ಟಾಪ್ ಮೇಲೆ ಮಸುಕಾಗಿ ಕಾಣುತ್ತದೆ. ಕೆಲವು ಹಳೆಯ ಸೈಟುಗಳ ಐಕಾನ್ ಈಗಲೂ ಹಾಗೆ ಕಾಣುವುದಕ್ಕೆ ಕಾರಣ ಇದೇ.

ಐಕಾನ್ ಮಸುಕಾದರೆ ಆಗಲಿ, ಹೆಸರು ಕನ್ನಡದಲ್ಲಿದ್ದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಸೈಟಿನ ಮೂಲ ಹೆಸರು ಎಷ್ಟು ಉದ್ದ ಇರುತ್ತದೆ ಅಂದರೆ ಐಕಾನ್ ಕೆಳಗೆ ಎರಡು ಸಾಲಿನಲ್ಲಿ ಹಿಡಿಸದೆ ಚುಕ್ಕಿ ಚುಕ್ಕಿಯಾಗುತ್ತದೆ. ಐಕಾನ್ ಮೇಲೆ ಒಮ್ಮೆ ಕ್ಲಿಕ್ ಮಾಡಿ ಎಫ್ 2 ಒತ್ತಿ, ‘ಪಹಣಿ’, ‘ಕರೆಂಟ್ ಬಿಲ್’, ‘ಪೇಪರ್’ ಅಂತ ನಿಮಗೆ ಬೇಕಾದ್ದು ಬರೆಯಿರಿ. ಹೆಸರು ಬದಲಿಸಿದರೆ ವಿಳಾಸ ಬದಲಾಗುವುದಿಲ್ಲ. ಹೆಸರು ಲಕೋಟೆಯ ಮೇಲಿನ ಬರಹ, ವಿಳಾಸ ಒಳಗಿದೆ.

ಇಲ್ಲಿ ಕನ್ನಡ ಟೈಪ್ ಮಾಡಲು ‘ನುಡಿ’ ತಂತ್ರಾಂಶ ಬಳಸಿ ರೂಢಿಯಾದವರು ಮುಗ್ಗರಿಸುತ್ತಾರೆ. ಅಪ್ಪನೂ ಮುಗ್ಗರಿಸಿದರು. ನುಡಿಯ ಹಳೆಯ ವಿಧಾನದಲ್ಲಿ ಟೈಪ್ ಮಾಡಿದ್ದು ಕನ್ನಡವಾಗಿ ಕಾಣುವುದು ನುಡಿ ಫಾಂಟ್ ಹಾಕಿದಾಗ ಮಾತ್ರ. ಫೈಲಿನ ಹೆಸರಿಗೆ ನಾವು ಫಾಂಟ್ ಹಾಕಲು ಆಗುವುದಿಲ್ಲ, ವಿಂಡೋಸ್ ತನ್ನದೇ ಫಾಂಟ್ ಬಳಸುತ್ತದೆ. ಹಾಗಾಗಿ ‘ಪಹಣಿ’ ಅಂತ ಬರೆದದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ನುಡಿಯಲ್ಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಲ್ಲವೇ ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡು, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಾಯಿಸಿಕೊಳ್ಳಿ. ಹಾಗೆ ಬರೆದ ಕನ್ನಡ ಎಲ್ಲಿ ಹೋದರೂ ಕನ್ನಡವೇ. ಒಂದು ಮಾತು: ಹೆಸರಿನಲ್ಲಿ ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ ಇವನ್ನು ವಿಂಡೋಸ್ ಒಪ್ಪುವುದಿಲ್ಲ. ‘ಬಿಲ್/ತೆರಿಗೆ’ ಅಂತ ಬರೆಯಲು ಹೋಗಿ ಅಪ್ಪ ಬೈಸಿಕೊಂಡರು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಅದು ಬಂದದ್ದು ನಾನು ಬೆಂಗಳೂರಿಗೆ ವಾಪಸ್ ಬಂದ ಎರಡು ದಿನಕ್ಕೆ. “ನೀನು ಮಾಡ್ಕೊಟ್ಟಿದ್ದು ಚೆನ್ನಾಗಿದೆ. ನಾನೇ ಬ್ಯಾಂಕಿಂದು ಒಂದು ಮಾಡ್ಕೊಂಡೆ. ಆದ್ರೆ ಅದು ಅವತ್ತು ಮಾತ್ರ ಕೆಲಸ ಮಾಡ್ತು. ಈಗ ಏನೋ ಎಕ್ಸ್‌ಪೈರ್ಡ್ ಅಂತದೆ.”

ಆಗಿದ್ದು ಇಷ್ಟು. ಅಪ್ಪ ಲಾಗಿನ್ ಆಗಿ, ಖಾತೆಯಲ್ಲಿ ಎಷ್ಟಿದೆ ಅಂತ ತೋರಿಸುವ ಪುಟಕ್ಕೆ ಹೋಗಿ, ಆ ಪುಟದ ವಿಳಾಸವನ್ನು ಎಳೆದು ಡೆಸ್ಕ್‌ಟಾಪ್ ಮೇಲೆ ಬಿಟ್ಟಿದ್ದರು. ಮುಂದಿನ ಸಲ ನೇರ ಅಲ್ಲಿಗೇ ಹೋಗಬಹುದಲ್ಲ ಅಂತ. ತರ್ಕ ಸರಿಯಾಗಿಯೇ ಇದೆ. ಆದರೆ ಲಾಗಿನ್ ಆದ ಮೇಲೆ ಬ್ಯಾಂಕು ನಿಮಗೊಂದು ತಾತ್ಕಾಲಿಕ ಟೋಕನ್ ಕೊಟ್ಟಿರುತ್ತದೆ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೊಟ್ಟ ಹಾಗೆ. ಇಂತಿಷ್ಟು ನಿಮಿಷ ಅಲ್ಲಾಡದೆ ಕೂತರೆ, ಅಥವಾ ಲಾಗೌಟ್ ಮಾಡಿದರೆ, ಆ ಟೋಕನ್ ರದ್ದು. ನಿನ್ನೆಯ ಟೋಕನ್ ಹಿಡಿದು ಇವತ್ತು ಡಾಕ್ಟರ ಕೋಣೆಗೆ ನುಗ್ಗಿದರೆ ನರ್ಸ್ ಬಿಡುತ್ತಾರಾ? ಹೊರಗೆ ಹೋಗಿ ಮತ್ತೆ ಚೀಟಿ ಮಾಡಿಸಿ ಅನ್ನುತ್ತಾರೆ.

ಆದ್ದರಿಂದ ಲಾಗಿನ್ ಬೇಕಾದ ಸೈಟಿಗೆ ಶಾರ್ಟ್‌ಕಟ್ ಮಾಡುವಾಗ ಬಾಗಿಲಿನ ವಿಳಾಸ ತೆಗೆದುಕೊಳ್ಳಬೇಕು, ಒಳಮನೆಯದ್ದಲ್ಲ. ಮೊದಲ ಪುಟ, ಇಲ್ಲವೇ ಲಾಗಿನ್ ಪುಟ. ಕೆಲವು ಸೈಟುಗಳಲ್ಲಿ ಲಾಗಿನ್ ಪುಟದ ವಿಳಾಸಕ್ಕೂ ಒಂದು ಉದ್ದದ ಬಾಲ ಅಂಟಿಕೊಂಡಿರುತ್ತದೆ, ಆಗ ಮೊದಲ ಪುಟವೇ ಸುರಕ್ಷಿತ. ಬಾಲ ಅಂದರೆ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯಾದ ಮೇಲೆ ಬರುವ ಅಕ್ಷರ ಅಂಕಿಗಳ ಸರಪಳಿ. ಅದನ್ನೆಲ್ಲ ಕತ್ತರಿಸಿಬಿಡಿ ಅಂತ ಹೇಳಲು ಮನಸ್ಸಾಗುತ್ತದೆ, ಆದರೆ ಹಾಗೆ ಹೇಳಲಾಗದು. ಯೂಟ್ಯೂಬ್‌ನಲ್ಲಿ ಯಾವ ವಿಡಿಯೊ ಅನ್ನುವುದು ಆ ಬಾಲದಲ್ಲೇ ಇರುತ್ತದೆ. ಸುದ್ದಿ ಸೈಟುಗಳಲ್ಲಿ ಎಷ್ಟೋ ಸಲ ಆ ಬಾಲ ನೀವು ಎಲ್ಲಿಂದ ಬಂದಿರಿ ಅಂತ ಲೆಕ್ಕ ಇಡುವುದಕ್ಕೆ ಮಾತ್ರ, ಕತ್ತರಿಸಿದರೂ ನಷ್ಟವಿಲ್ಲ. ಒಂದು ಸಲ ಕತ್ತರಿಸಿ ಎಂಟರ್ ಒತ್ತಿ ನೋಡಿ. ಅದೇ ಪುಟ ಬಂದರೆ ಗಿಡ್ಡ ವಿಳಾಸವನ್ನೇ ಚೀಟಿಗೆ ಹಾಕಿ.

ಇದರ ಬೆನ್ನಿಗೇ ಇನ್ನೊಂದು ಅನುಮಾನ ಬಂತು. ಮೇಲ್ ಶಾರ್ಟ್‌ಕಟ್ ಒತ್ತಿದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ, ಬ್ಯಾಂಕಿನದ್ದು ಕೇಳುತ್ತದೆ. ಹಾಗಾದರೆ ಮೇಲ್ ಚೀಟಿಯಲ್ಲಿ ಪಾಸ್‌ವರ್ಡ್ ಬರೆದಿದೆಯಾ? ಇಲ್ಲ. ಯಾವ ಚೀಟಿಯಲ್ಲೂ ಪಾಸ್‌ವರ್ಡ್ ಇರುವುದಿಲ್ಲ. ನೀವು ಲಾಗೌಟ್ ಆಗದೆ ಬಿಟ್ಟಿದ್ದೀರಿ ಅನ್ನುವ ಗುರುತು ಬ್ರೌಸರಿನಲ್ಲಿ ‘ಕುಕ್ಕಿ’ ಅನ್ನುವ ಹೆಸರಿನಲ್ಲಿ ಉಳಿದಿರುತ್ತದೆ. ಮೇಲ್ ಸೈಟುಗಳು ಆ ಗುರುತನ್ನು ವಾರಗಟ್ಟಲೆ ಒಪ್ಪುತ್ತವೆ. ಬ್ಯಾಂಕುಗಳು ಕೆಲವು ನಿಮಿಷ ಮಾತ್ರ. ಅಂದರೆ ಶಾರ್ಟ್‌ಕಟ್ ಅಳಿಸಿದರೆ ಲಾಗೌಟ್ ಆದಂತಲ್ಲ. ಪಕ್ಕದ ಮನೆಯವರು ಬಂದು ನಿಮ್ಮ ಕಂಪ್ಯೂಟರಿನಲ್ಲಿ ಮೇಲ್ ತೆರೆದರೆ, ಶಾರ್ಟ್‌ಕಟ್ ಇರಲಿ ಬಿಡಲಿ, ನಿಮ್ಮ ಮೇಲೇ ಕಾಣುತ್ತದೆ.

ಈಗ ನನಗೆ ಜಾಸ್ತಿ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಶಾರ್ಟ್‌ಕಟ್‌ನಿಂದ ಉಳಿಯುವುದು ನಾಲ್ಕು ಕ್ಲಿಕ್ ಅಂತ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ಸಮಯಕ್ಕೇನೂ ಬರವಿಲ್ಲ. ಅವರಿಗೆ ಆದ ಲಾಭ ಬೇರೆ. ವಿಳಾಸವನ್ನು ಒಂದು ಸಲ ಕಣ್ಣಿಟ್ಟು ನೋಡಿ, ಸರಿ ಅಂತ ಖಾತ್ರಿ ಮಾಡಿಕೊಂಡು ಬರೆದಿಟ್ಟರೆ, ಆಮೇಲೆ ಪ್ರತಿ ಸಲವೂ ಅದೇ ಬಾಗಿಲಿಗೆ ಹೋಗುತ್ತೀರಿ. ಹುಡುಕಿದಾಗ ಮಾತ್ರ ನಡುವೆ ಜಾಹೀರಾತಿನವರು, ನಕಲಿಯವರು ಕೈ ಹಿಡಿದು ಎಳೆಯುವುದು.

ಆ ಒಂದು ಸಲದ ಖಾತ್ರಿ ಹೇಗೆ ಮಾಡಿಕೊಳ್ಳುವುದು? ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಅಂಚೆ ವಿಳಾಸ ಹೆಸರಿನಿಂದ ಶುರುವಾಗಿ ಊರು, ಜಿಲ್ಲೆಯಲ್ಲಿ ಮುಗಿಯುವ ಹಾಗೆ ಇದರಲ್ಲೂ ದೊಡ್ಡದು ಕೊನೆಯಲ್ಲಿದೆ. ‘ಎಚ್‌ಟಿಟಿಪಿಎಸ್’ ಮತ್ತು ಅದರ ಜೋಡಿ ಓರೆಗೆರೆಯನ್ನು ಬಿಡಿ. ಆಮೇಲೆ ಬರುವ ಮೊದಲ ಒಂಟಿ ಓರೆಗೆರೆಯವರೆಗೆ ಬೆರಳಿಡಿ. ಅದರ ಎಡಕ್ಕೆ ಅಂಟಿಕೊಂಡ ಕೊನೆಯ ತುಂಡುಗಳು ಏನು ಹೇಳುತ್ತವೆ ಅನ್ನುವುದೇ ಮುಖ್ಯ. ಕರ್ನಾಟಕ ಸರ್ಕಾರದ ಸೇವಾ ಸಿಂಧು ಸೈಟಿನ ವಿಳಾಸ ‘ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ‘ಗವ್ ಡಾಟ್ ಇನ್’ ಅನ್ನುವ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವುದು. ಯಾರಾದರೂ ‘ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಡಾಟ್ ಅದೇನೋ ಡಾಟ್ ಕಾಮ್’ ಅಂತ ಮಾಡಿದರೆ ಎಡದಿಂದ ಓದುವವರ ಕಣ್ಣಿಗೆ ಸರ್ಕಾರದ್ದೇ ಅನ್ನಿಸುತ್ತದೆ. ಬಲದಿಂದ ಓದಿದರೆ ಅದು ‘ಅದೇನೋ ಡಾಟ್ ಕಾಮ್’ನವರ ಮನೆ. ಸರ್ಕಾರದ ಹೆಸರನ್ನು ಅವರು ತಮ್ಮ ಗೇಟಿಗೆ ನೇತು ಹಾಕಿಕೊಂಡಿದ್ದಾರೆ, ಅಷ್ಟೇ.

ಬ್ಯಾಂಕುಗಳ ವಿಷಯದಲ್ಲಿ ಈಚೆಗೆ ಒಂದು ಒಳ್ಳೆಯ ಬದಲಾವಣೆ ಆಗಿದೆ. ನಮ್ಮ ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ಸೈಟುಗಳನ್ನು ‘ಬ್ಯಾಂಕ್ ಡಾಟ್ ಇನ್’ ಅನ್ನುವ ಬಾಲಕ್ಕೆ ಸಾಗಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಆ ಬಾಲ ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ನೋಂದಣಿಯ ಕೆಲಸವನ್ನು ರಿಸರ್ವ್ ಬ್ಯಾಂಕೇ ಸ್ಥಾಪಿಸಿದ ಹೈದರಾಬಾದಿನ ಸಂಸ್ಥೆಯೊಂದಕ್ಕೆ ವಹಿಸಲಾಗಿದೆ. ನಿಮ್ಮ ಬ್ಯಾಂಕಿನ ಶಾರ್ಟ್‌ಕಟ್ ಅದಕ್ಕೂ ಹಳೆಯದಾದರೆ ಒಂದು ಸಲ ನೋಡಿಕೊಳ್ಳಿ. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದರೆ ‘ವೆಬ್ ಡಾಕ್ಯುಮೆಂಟ್’ ಅನ್ನುವ ಭಾಗದಲ್ಲಿ ವಿಳಾಸ ಇರುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ಅಲ್ಲೇ ಅಂಟಿಸಬಹುದು. ಹೊಸ ಐಕಾನ್ ಮಾಡುವ ಅಗತ್ಯವಿಲ್ಲ. ಇದು ಎಳೆದೋ ‘ನ್ಯೂ’ ದಾರಿಯಲ್ಲೋ ಮಾಡಿದ ಚೀಟಿಗೆ ಮಾತ್ರ. ಬ್ರೌಸರೇ ಮಾಡಿಕೊಟ್ಟದ್ದಾದರೆ ಅಳಿಸಿ ಹೊಸದಾಗಿ ಮಾಡುವುದೇ ಸಲೀಸು.

ಅದೇ ಭಾಗದಲ್ಲಿ ಇನ್ನೆರಡು ಅನುಕೂಲ ಇವೆ. ‘ಚೇಂಜ್ ಐಕಾನ್’ ಒತ್ತಿ ಚಿತ್ರ ಬದಲಿಸಿಕೊಳ್ಳಬಹುದು. ‘ಶಾರ್ಟ್‌ಕಟ್ ಕೀ’ ಅನ್ನುವ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಒತ್ತಿದರೆ, ಮುಂದೆ ಕಂಟ್ರೋಲ್, ಆಲ್ಟ್ ಜೊತೆ ಆ ಅಕ್ಷರ ಒತ್ತಿದಾಗಲೆಲ್ಲ ಸೈಟು ತೆರೆದುಕೊಳ್ಳುತ್ತದೆ. ಮೌಸ್ ಹಿಡಿದು ಬೆರಳು ನೋಯುವವರಿಗೆ ಇದು ವರ. ಐಕಾನ್ ಡೆಸ್ಕ್‌ಟಾಪ್ ಮೇಲೋ ಸ್ಟಾರ್ಟ್ ಮೆನುವಿನಲ್ಲೋ ಇದ್ದರೆ ಮಾತ್ರ ಇದು ನಡೆಯುತ್ತದೆ ಅನ್ನುವುದು ನೆನಪಿರಲಿ.

ಚೀಟಿ ನಾವೇ ಬರೆದದ್ದಾದರೆ ಸರಿ. ಬೇರೆಯವರು ಬರೆದು ಕಳಿಸಿದ್ದಾದರೆ? ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಫೈಲುಗಳ ಹೆಸರಿನ ಕೊನೆಗೆ ಅದರ ಜಾತಿ ಹೇಳುವ ಬಾಲ ಇರುತ್ತದಲ್ಲ, ಪಿಡಿಎಫ್, ಜೆಪಿಜಿ ಅಂತೆಲ್ಲ, ಹಾಗೆ ಈ ಚೀಟಿಗೂ ‘ಯುಆರ್‌ಎಲ್’ ಅನ್ನುವ ಬಾಲ ಇದೆ. ಆದರೆ ವಿಂಡೋಸ್ ಅದನ್ನು ತೋರಿಸುವುದೇ ಇಲ್ಲ. ಎಲ್ಲ ಬಾಲಗಳನ್ನೂ ತೋರಿಸು ಅಂತ ಸೆಟ್ಟಿಂಗ್‌ನಲ್ಲಿ ಹೇಳಿದರೂ ಇದೊಂದನ್ನು ಬಚ್ಚಿಡುತ್ತದೆ. ಹಾಗಾಗಿ ‘ನೋಟಿಸ್ ಡಾಟ್ ಪಿಡಿಎಫ್ ಡಾಟ್ ಯುಆರ್‌ಎಲ್’ ಅನ್ನುವ ಫೈಲು ನಿಮ್ಮ ಕಣ್ಣಿಗೆ ‘ನೋಟಿಸ್ ಡಾಟ್ ಪಿಡಿಎಫ್’ ಅಂತಲೇ ಕಾಣುತ್ತದೆ. ಐಕಾನನ್ನೂ ಪಿಡಿಎಫ್‌ನ ಥರವೇ ಮಾಡಿಟ್ಟರೆ ಮುಗಿಯಿತು.

ಇದು ಊಹೆಯ ಮಾತಲ್ಲ. 2024ರ ಫೆಬ್ರವರಿಯಲ್ಲಿ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ, ಇಂಥ ಚೀಟಿ ಫೈಲುಗಳ ಮೂಲಕ ನಡೆಯುತ್ತಿದ್ದ ದಾಳಿಗಳನ್ನು ತಡೆಯಲು ಮೈಕ್ರೋಸಾಫ್ಟ್ ವಿಂಡೋಸ್‌ಗೆ ತಿದ್ದುಪಡಿ ಕೊಟ್ಟಿತು. ಜುಲೈನದ್ದು ಕುತೂಹಲದ ಕಥೆ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ 2022ರ ಜೂನ್‌ನಲ್ಲೇ ನಿವೃತ್ತಿ ಕೊಡಲಾಗಿತ್ತು. ಆದರೆ ಅದರ ಭಾಗಗಳು ವಿಂಡೋಸ್‌ನ ಮೂಲೆಯಲ್ಲಿ ಇನ್ನೂ ಉಳಿದಿದ್ದವು. ಚೀಟಿಯಲ್ಲಿ ವಿಳಾಸವನ್ನು ಒಂದು ವಿಚಿತ್ರ ರೀತಿಯಲ್ಲಿ ಬರೆದರೆ, ನಿಮ್ಮ ಡೀಫಾಲ್ಟ್ ಬ್ರೌಸರನ್ನು ಬದಿಗೆ ತಳ್ಳಿ ಆ ಮುದಿ ಬ್ರೌಸರ್ ಎದ್ದು ಬರುತ್ತಿತ್ತು, ಅದರ ಹಳೆಯ ದೌರ್ಬಲ್ಯಗಳ ಸಮೇತ. ಆ ತೂತುಗಳು ಈಗ ಮುಚ್ಚಿವೆ. ಆದರೂ ವಾಟ್ಸ್‌ಆ್ಯಪ್‌ನಲ್ಲೋ ಮೇಲ್‌ನಲ್ಲೋ ಯಾರೋ ಕಳಿಸಿದ ಶಾರ್ಟ್‌ಕಟ್ ಫೈಲನ್ನು ತೆರೆಯಬೇಡಿ ಅಂತಲೇ ನಾನು ಹೇಳುವುದು. ವಿಳಾಸ ಬೇಕಾದರೆ ಬರೆದು ಕಳಿಸಲಿ, ಚೀಟಿ ನಾವು ಮಾಡಿಕೊಳ್ಳೋಣ.

ಶಾರ್ಟ್‌ಕಟ್ ಜೊತೆಗೇ ಕಾಣುವ ಇನ್ನೊಂದು ಆಯ್ಕೆ ‘ಇನ್‌ಸ್ಟಾಲ್ ಪೇಜ್ ಆ್ಯಸ್ ಆ್ಯಪ್’. ಎಡ್ಜ್‌ನಲ್ಲಿ ‘ಆ್ಯಪ್ಸ್’ ಅನ್ನುವುದರೊಳಗೆ ‘ಇನ್‌ಸ್ಟಾಲ್ ದಿಸ್ ಸೈಟ್ ಆ್ಯಸ್ ಆ್ಯನ್ ಆ್ಯಪ್’ ಅಂತ ಇರುತ್ತದೆ. ಇದು ಚೀಟಿಗಿಂತ ಒಂದು ಹೆಜ್ಜೆ ಮುಂದೆ. ಸೈಟು ತನ್ನದೇ ಕಿಟಕಿಯಲ್ಲಿ, ಟ್ಯಾಬು ಅಡ್ರೆಸ್ ಬಾರು ಏನೂ ಇಲ್ಲದೆ, ಬೇರೆ ಪ್ರೋಗ್ರಾಮಿನ ಹಾಗೆ ತೆರೆಯುತ್ತದೆ. ಇದಕ್ಕೆಂದೇ ತಯಾರಾದ ಸೈಟುಗಳಿಗೆ ‘ಪ್ರೋಗ್ರೆಸಿವ್ ವೆಬ್ ಆ್ಯಪ್’ ಅಂತ 2015ರಲ್ಲಿ ಹೆಸರಿಟ್ಟವರು ವಿನ್ಯಾಸಕಿ ಫ್ರಾನ್ಸಿಸ್ ಬೆರಿಮನ್ ಮತ್ತು ಎಂಜಿನಿಯರ್ ಅಲೆಕ್ಸ್ ರಸೆಲ್. ಅಂಥ ಸೈಟುಗಳು ಬೇಕಾದ ಸಾಮಾನು ಒಂದಿಷ್ಟನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದರಿಂದ ಕೆಲವು ಇಂಟರ್ನೆಟ್ ಇಲ್ಲದಾಗಲೂ ಅಷ್ಟಿಷ್ಟು ಕೆಲಸ ಮಾಡುತ್ತವೆ. ಮೇಲ್, ಹಾಡು, ಕ್ಯಾಲೆಂಡರ್ ಇವಕ್ಕೆ ಚೆನ್ನ. ಬ್ಯಾಂಕಿಗೆ ಮತ್ತು ಸರ್ಕಾರಿ ಸೈಟಿಗೆ ನಾನು ಬೇಡ ಅನ್ನುತ್ತೇನೆ, ದುಡ್ಡು ಕಟ್ಟುವ ಜಾಗದಲ್ಲಿ ವಿಳಾಸ ಸದಾ ಕಣ್ಣೆದುರು ಇರಬೇಕು. ಇದನ್ನು ತೆಗೆಯುವಾಗ ಡೆಸ್ಕ್‌ಟಾಪ್ ಮೇಲಿನ ಐಕಾನ್ ಅಳಿಸಿದರೆ ಸಾಲದು, ಆ್ಯಪಿನ ಮೆನುವಿನಿಂದ ‘ಅನ್‌ಇನ್‌ಸ್ಟಾಲ್’ ಕೊಡಬೇಕು.

ಮ್ಯಾಕ್ ಇರುವವರಿಗೆ ದಾರಿ ಇನ್ನೂ ಸಲೀಸು. ಸಫಾರಿಯಲ್ಲಿ ವಿಳಾಸವನ್ನು ಹಿಡಿದು ಡೆಸ್ಕ್‌ಟಾಪ್‌ಗೆ ಎಳೆದರೆ ಅಲ್ಲಿನ ಚೀಟಿ ತಯಾರು. 2023ರ ಸೊನೋಮಾ ಆವೃತ್ತಿಯಿಂದ ಈಚೆಗೆ ಫೈಲ್ ಮೆನುವಿನಲ್ಲಿ ‘ಆ್ಯಡ್ ಟು ಡಾಕ್’ ಕೂಡ ಇದೆ, ಅದು ಮೇಲೆ ಹೇಳಿದ ಆ್ಯಪ್ ಥರದ್ದು. ಉಬುಂಟು ಬಳಸುವವರು ಕ್ರೋಮ್‌ನ ಶಾರ್ಟ್‌ಕಟ್ ದಾರಿ ಹಿಡಿಯಲಿ. ಐಕಾನ್ ತೆರೆಯದೆ ಸತಾಯಿಸಿದರೆ ರೈಟ್ ಕ್ಲಿಕ್ ಮಾಡಿ ‘ಅಲೌ ಲಾಂಚಿಂಗ್’ ಕೊಡಬೇಕು.

ಅಪ್ಪನ ಕೊನೆಯ ದೂರು ಬಂದದ್ದು ಯುಗಾದಿಯ ಹೊತ್ತಿಗೆ. ಕಿಟಕಿಗಳೆಲ್ಲ ತೆರೆದಿರುವಾಗ ಐಕಾನ್ ಅವುಗಳ ಹಿಂದೆ ಅಡಗಿರುತ್ತದೆ, ಒಂದೊಂದನ್ನೇ ಕೆಳಗಿಳಿಸುವಷ್ಟರಲ್ಲಿ ಯಾಕೆ ಬಂದೆ ಅನ್ನುವುದೇ ಮರೆತುಹೋಗುತ್ತದೆ ಅಂತ. ವಿಂಡೋಸ್ ಕೀ ಜೊತೆ ಡಿ ಒತ್ತಿದರೆ ಎಲ್ಲ ಒಟ್ಟಿಗೆ ಸರಿದು ಡೆಸ್ಕ್‌ಟಾಪ್ ಕಾಣುತ್ತದೆ, ಮತ್ತೆ ಒತ್ತಿದರೆ ಎಲ್ಲ ವಾಪಸ್ ಬರುತ್ತವೆ ಅಂತ ಹೇಳಿಕೊಟ್ಟೆ. ಹಾಗೇ ಬೆಳಗ್ಗೆ ಓದುವ ಮೂರು ಪೇಪರುಗಳನ್ನು ಕಂಟ್ರೋಲ್ ಹಿಡಿದು ಒಂದೊಂದಾಗಿ ಆರಿಸಿ, ಒಮ್ಮೆ ಎಂಟರ್ ಒತ್ತಿದರೆ ಮೂರೂ ಒಟ್ಟಿಗೆ ತೆರೆಯುತ್ತವೆ ಅಂತಲೂ.

ಹಬ್ಬಕ್ಕೆ ಊರಿಗೆ ಹೋದಾಗ ನೋಡಿದರೆ ಆರು ಇದ್ದ ಚೀಟಿ ನಲವತ್ತು ದಾಟಿದ್ದವು. ಕೊಬ್ಬರಿ ರೇಟು, ಪಂಚಾಂಗ, ರೈಲಿನ ವೇಳೆ, ಮೂರು ಥರದ ಹವಾಮಾನ. ಹಿಂದಿದ್ದ ಅಜ್ಜನ ತೋಟದ ಫೋಟೊ ಕಾಣುತ್ತಲೇ ಇರಲಿಲ್ಲ. ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರ್ ಮಾಡಿ, ದಿನಾ ಬೇಕಾದ ಎಂಟನ್ನು ಹೊರಗೆ ಬಿಟ್ಟು, ಮಿಕ್ಕವನ್ನು ಅದರೊಳಗೆ ಎಳೆದು ಹಾಕಿದೆವು. ಫೋಲ್ಡರಿಗೆ ಅಪ್ಪನೇ ಯೂನಿಕೋಡ್‌ನಲ್ಲಿ ಹೆಸರು ಬರೆದರು: ‘ಅಟ್ಟ’.